ಬೂದಿಗೆರೆಯ ಅಡಿಗೆಮನೆ

ಸೇತುವೆ ಕಟ್ಟುವುದು ಸುಲಭ, ಅಡಿಗೆಮನೆ ದೊಡ್ಡದು ಮಾಡುವುದು ಕಷ್ಟ. ನಾನು ಹೀಗೆಂದರೆ ನನ್ನ ತಂಗಿಯ ಮಗ ನಗುತ್ತಾನೆ. ಅವನು ಬೆಂಗಳೂರಿನಲ್ಲಿ ಓದಿ ಈಗ ಓವರ್ಸಿಯರ್ ಆಗಿ ಬಂದಿದ್ದಾನೆ. ಕೈಯಲ್ಲಿ ಚರ್ಮದ ಡಬ್ಬಿಯ ಟೇಪು, ಬಗಲಲ್ಲಿ ಸುರುಳಿ ಸುತ್ತಿದ ನೀಲಿ ಕಾಗದ. ಅವನ ಜೊತೆಗಾರರೂ ಆಗಾಗ ನಮ್ಮ ಜಗಲಿಗೆ ಬಂದು ಕೂರುತ್ತಾರೆ. ಕೆರೆಯ ತೂಬು, ರಸ್ತೆಯ ಮೋರಿ, ಇವುಗಳ ವಿಷಯದಲ್ಲಿ ಅವರಿಗೆ ನಾನು ಕಲಿಸುವಂಥದ್ದು ಏನೂ ಇಲ್ಲ. ಆದರೆ ಇವತ್ತಲ್ಲ ನಾಳೆ ಯಾರಾದರೂ ಯಜಮಾನರು ಅವರನ್ನು ಮನೆಗೆ ಕರೆದು, ಕಾಫಿ ಕೊಟ್ಟು, ಅಡಿಗೆಮನೆ ಇಕ್ಕಟ್ಟಾಗಿದೆ, ಯಾವ ಕಡೆಗೆ ಹಿಗ್ಗಿಸೋಣ ಎಂದು ಕೇಳಿಯೇ ಕೇಳುತ್ತಾರೆ. ಆಗ ನೀಲಿ ಕಾಗದ ಕೆಲಸಕ್ಕೆ ಬರುವುದಿಲ್ಲ. ಹೊಳೆಯ ನೀರಿಗೆ ಒಂದೇ ಬುದ್ಧಿ, ಇಳಿಜಾರು ಕಂಡ ಕಡೆ ಹೋಗುತ್ತದೆ. ಅಡಿಗೆಮನೆಯಲ್ಲಿ ಅತ್ತೆ ಇರುತ್ತಾಳೆ, ಸೊಸೆಯರಿರುತ್ತಾರೆ, ಅಡಿಗೆಮನೆಗೆ ಕಾಲೇ ಇಡದೆ ಅದರ ಬಗ್ಗೆ ಎಲ್ಲ ಬಲ್ಲ ಗಂಡಸರಿರುತ್ತಾರೆ. ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಮನೆ ಮೇಸ್ತ್ರಿಯಾಗಿ ಕರಣೆ ಹಿಡಿದು ಕೈ ಸವೆಸಿಕೊಂಡ ನಾನು, ಈ ಕಸುಬಿಗೆ ಬರುವ ಹುಡುಗರಿಗೆ ಉಪಯೋಗವಾಗಲಿ ಎಂದು ಕಂಡದ್ದನ್ನು ಬರೆದಿಡುತ್ತಿದ್ದೇನೆ.

ನನಗೆ ಕಸುಬು ಕಲಿಸಿದವರು ಕಡೂರಿನ ವೀರಾಚಾರ್ರು. ತೇಗದ ಅಡಿಕೋಲೊಂದು ಸದಾ ಅವರ ಕಂಕುಳಲ್ಲಿ ಇರುತ್ತಿತ್ತು. ಮಲಗುವಾಗ ಅದೇ ದಿಂಬಿನ ಪಕ್ಕ. ಯಾವ ಕೋಣೆಯನ್ನೇ ಆಗಲಿ ಆಯ ನೋಡದೆ ಅವರು ಕಟ್ಟುತ್ತಿರಲಿಲ್ಲ. ಆಯ ಎಂದರೆ ಕೋಣೆಯ ಉದ್ದಗಲ ಗುಣಿಸಿ, ಎಂಟರಿಂದ ಭಾಗಿಸಿ, ಉಳಿದ ಶೇಷದ ಮೇಲೆ ಮನೆಗೆ ಶುಭವೋ ಅಶುಭವೋ ಹೇಳುವ ಲೆಕ್ಕ. ಒಳ್ಳೆಯ ಆಯ ಬಂದರೆ ಸರಿ. ಬರದಿದ್ದರೆ ಬರುವ ತನಕ ಅಳೆಯುತ್ತಿದ್ದರು. ಇನ್ನು ತಪ್ಪಾಯಿತು ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ. ಬಾಗಿಲು ಕುಳ್ಳಾಗಿ ಯಾರಿಗಾದರೂ ತಲೆ ಬಡಿದರೆ, "ದೇವರ ಮುಂದೆ ಬಗ್ಗಲ್ಲ, ಬಾಗ್ಲ ಮುಂದಾದ್ರೂ ಬಗ್ಗಲಿ ಬಿಡು" ಎನ್ನುತ್ತಿದ್ದರು.

ಅಂಥವರಿಗೂ ತರೀಕೆರೆಯಲ್ಲಿ ಒಂದು ಪಾಠವಾಯಿತು. ಅಲ್ಲೊಬ್ಬ ಕಂದಾಯದ ಶೇಕ್ದಾರರು ಮಗನ ಮುಂಜಿ ಹತ್ತಿರ ಬಂತೆಂದು ಅಡಿಗೆಮನೆಗೆ ಸೇರಿದಂತೆ ಹೊಸದೊಂದು ಊಟದ ಮನೆ ಕಟ್ಟಿಸಿದರು. ಆಯ ಬಹಳ ಚೆನ್ನಾಗಿ ಬಂದಿತ್ತು. ಗಾರೆಯ ನೆಲದಲ್ಲಿ ಮುಖ ಕಾಣುವಂತೆ ನಯ ಮಾಡಿದ್ದೆವು. ಎರಡು ಸಾಲು ಎದುರುಬದುರು ಕೂರುವಂತೆ ಲೆಕ್ಕ ಹಾಕಿ ಮಂಡಿ ಮಡಚಿದರೆ ಇಷ್ಟು ಜಾಗ, ಎಲೆಗೆ ಇಷ್ಟು ಜಾಗ ಎಂದು ಗೋಡೆ ನಿಲ್ಲಿಸಿದ್ದರು ನಮ್ಮ ಗುರುಗಳು.

ಮುಂಜಿಯ ದಿನ ಜನ ಕೂತರು. ಬೆನ್ನು ಗೋಡೆಗೆ, ಮುಂದೆ ಎಲೆ, ಆ ಎಲೆಯ ತುದಿಗೆ ಎದುರಿನವರ ಎಲೆಯ ತುದಿ. ನಡುವೆ ಒಂದು ಪಾದ ಮಾತ್ರ ಹಿಡಿಸುವಷ್ಟು ಜಾಗ. ಬಡಿಸಲು ಬಂದವರು ದೇವಸ್ಥಾನದ ಅಡಿಗೆ ಭಟ್ಟರು, ಒಳ್ಳೆ ಮೈಕಟ್ಟಿನ ಮನುಷ್ಯ. ಸಾರಿನ ಪಾತ್ರೆ ಹಿಡಿದು ಹಗ್ಗದ ಮೇಲೆ ನಡೆಯುವ ಡೊಂಬರವರಂತೆ ಒಂದು ಕಾಲಿನ ಮುಂದೆ ಇನ್ನೊಂದು ಕಾಲು ಇಡುತ್ತಾ ಹೊರಟರು. ಅರ್ಧ ದಾರಿಗೆ ಹೋಗುವಷ್ಟರಲ್ಲಿ ಹೋಳಿಗೆಯವನು ಎದುರಿನಿಂದ ಬಂದ. ಇಬ್ಬರೂ ನಿಂತರು. ಯಾರು ಹಿಂದೆ ಹೋಗಬೇಕೆಂಬ ಮಾತಾಯಿತು. ಭಟ್ಟರು ತಿರುಗುವಾಗ ಪಾತ್ರೆ ಓರೆಯಾಗಿ ಪುರೋಹಿತರ ತೊಡೆಯ ಮೇಲೆ ಬಿಸಿ ಸಾರು ಸುರಿಯಿತು. ಅವರು ಹಾರಿದ್ದನ್ನು ಕಂಡು ಸಾಲಿಗೆ ಸಾಲೇ ಎದ್ದು ನಿಂತಿತು.

ಶೇಕ್ದಾರರು ಕೆಂಗಣ್ಣು ಮಾಡಿಕೊಂಡು ಬಂದರು. "ಏನ್ರೀ ಆಚಾರ್ರೇ, ಇಲ್ಲಿ ಬಡಿಸೋದು ಹ್ಯಾಗ್ರೀ?"

"ಸ್ವಾಮೀ, ತಾವು ಊಟದ ಮನೆ ಕೇಳಿದ್ರಿ. ಬಡಿಸೋ ಮನೆ ಕೇಳ್ಲಿಲ್ಲ" ಎಂದರು ನಮ್ಮ ಗುರುಗಳು.

ನಾವು ಊಟಕ್ಕೆ ನಿಲ್ಲಲಿಲ್ಲ. ರೈಲಿನಲ್ಲಿ ಗುರುಗಳು ಬೀರೂರು ಬರುವ ತನಕ ತಮ್ಮ ಮಂಡಿಗೂ ಎದುರಿನವರ ಮಂಡಿಗೂ ನಡುವಿನ ಜಾಗವನ್ನು ಅಡಿಕೋಲಿನಿಂದ ಅಳೆಯುತ್ತಿದ್ದರು. ಆಮೇಲೆ, "ಇನ್ಮೇಲೆ ಗೋಡೆ ಏಳೋಕ್ ಮುಂಚೆ ಜನಾನ ಕೂರ್ಸಿ ನೋಡ್ಬೇಕು ಕಣೋ" ಎಂದರು. ಮುಂದಿನ ಕೆಲಸದಿಂದ ಹಾಗೆಯೇ ಮಾಡಿದೆವು. ಬಯಲಿನಲ್ಲಿ, ಸಾಧ್ಯವಾದರೆ ಸಾರಿಸಿದ ಕಣದಲ್ಲಿ, ಕಟ್ಟಬೇಕಾದ ಮನೆಯನ್ನು ಅದರ ಪೂರ್ತಿ ಅಳತೆಯಲ್ಲೇ ಒಲೆಯ ಬೂದಿಯಿಂದ ಗೆರೆ ಎಳೆದು ತೋರಿಸುವುದು. ಗೆರೆ ಎಂದರೆ ಗೋಡೆ, ಗೆರೆ ಬಿಟ್ಟ ಕಡೆ ಬಾಗಿಲು. ಮನೆಯವರು ಅದರೊಳಗೇ ಒಂದು ಹೊತ್ತು ಅಡಿಗೆ ಮಾಡಿ ಬಡಿಸಿ ಉಂಡು ಏಳಬೇಕು. ಎಲ್ಲಿ ಮೈಗೆ ಮೈ ತಾಗುತ್ತದೆ, ಎಲ್ಲಿ ದಾರಿ ಸಾಲದು ಎಂಬುದೆಲ್ಲ ಆಗಲೇ ಗೊತ್ತಾಗುತ್ತದೆ. ಬೂದಿಗೆರೆ ಒರಸುವುದಕ್ಕೆ ಪೊರಕೆ ಸಾಕು. ವರ್ಷ ಕಳೆಯುವುದರೊಳಗೆ ಗುರುಗಳು, ನಮ್ಮ ತಾತ ಪಾಳೇಗಾರರ ಅರಮನೆ ಕಟ್ಟುವಾಗಲೇ ಹೀಗೆ ಬೂದಿ ಹಾಕುತ್ತಿದ್ದರು ಎಂದು ಎಲ್ಲರಿಗೂ ಹೇಳತೊಡಗಿದರು. ಪಕ್ಕದಲ್ಲಿ ನಿಂತ ನಾನು ತಲೆಯಾಡಿಸುತ್ತಿದ್ದೆ.

ಕಡೂರಿನ ಕೊಬ್ಬರಿ ಸಾಹುಕಾರರೊಬ್ಬರ ಹೊಗೆಗೂಡಿನ ಕಥೆಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಅವರು ಯಾವುದೋ ಸಾಹೇಬರ ಬಂಗಲೆಯಲ್ಲಿ ಹೊಗೆಗೂಡು ಕಂಡು ಬಂದಿದ್ದರು. ಅಡಿಗೆಮನೆ ಹಿಗ್ಗಿಸುವಾಗ ಅಂಥದ್ದೇ ಬೇಕೆಂದು ಹಟ ಹಿಡಿದರು. ಕಟ್ಟಿಕೊಟ್ಟೆವು. ಹೊಗೆ ಚೆನ್ನಾಗಿಯೇ ಮೇಲೆ ಹೋಯಿತು. ಸಾಹುಕಾರರು ಬೀದಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ತೋರಿಸಿದರು. ತಿಂಗಳು ಕಳೆದ ಮೇಲೆ ನೋಡಿದರೆ ಹೊಗೆ ಬಾಗಿಲು, ಕಿಟಕಿ, ಹೆಂಚಿನ ಸಂದು, ಎಲ್ಲ ಕಡೆಯಿಂದಲೂ ಬರುತ್ತಿದೆ, ಹೊಗೆಗೂಡಿನಿಂದ ಮಾತ್ರ ಇಲ್ಲ. ಅವರ ಹೆಂಡತಿ ಅದರೊಳಗೆ ಗೋಣಿಚೀಲ ತುರುಕಿದ್ದರು. ಹೊಗೆ ಹೋದ ಮೇಲೆ ಸೊಳ್ಳೆ ಬಂದವಂತೆ, ಬಿದಿರ ಗಳುವಿಗೆ ಹುಳ ಹಿಡಿಯಿತಂತೆ. "ನಿಮ್ ಸಾಹೇಬ್ರ ಮನೇಲಿ ಅಟ್ಟದ್ ಮೇಲೆ ಬಿತ್ತನೆ ಜೋಳ ಇಡ್ತಾರೇನು?" ಎಂದು ಆಕೆ ಕೇಳಿದರು. ಒಲೆಯ ಮುಂದೆ ಕೂರುವವರನ್ನು ಕೇಳದೆ ಒಲೆಯ ಕೆಲಸಕ್ಕೆ ಕೈ ಹಾಕಬಾರದೆಂದು ಅಂದು ತೀರ್ಮಾನಿಸಿದೆ. ಆದರೆ ಕೇಳಿದರೆ ಅವರು ನಿಜ ಹೇಳುತ್ತಾರೆ ಎಂದುಕೊಂಡಿದ್ದೆನಲ್ಲ, ಅದು ನನ್ನ ಎಳಸುತನ.

ಆ ಹೊತ್ತಿಗೆ ಗುರುಗಳಿಗೆ ವಯಸ್ಸಾಗಿ ನಾನು ಸ್ವಂತವಾಗಿ ಕೆಲಸ ಹಿಡಿಯುತ್ತಿದ್ದೆ. ಒಂದು ದಿನ ಬುಕ್ಕಾಂಬುಧಿಯಿಂದ ಹಾಲಪ್ಪನವರೆಂಬ ರೈತರು ಗಾಡಿ ಕಟ್ಟಿಕೊಂಡು ಬಂದರು. ಕೆರೆಯ ಏರಿಯಾಚೆ ಹೊಲ, ತೆಂಗಿನ ತೋಟ, ಮನೆ ತುಂಬ ಜನ. ದಪ್ಪ ಮೀಸೆ, ಮಾತು ಕಡಮೆ.

"ಮೇಸ್ತ್ರಿ, ನಮ್ಮನೇಲಿ ಎರಡನೇ ಒಲೆ ಹತ್ತೋಕ್ ಮುಂಚೆ ನೀನು ಬರ್ಬೇಕು" ಎಂದರು.

ನಮ್ಮ ಕಡೆ ಒಂದು ಮನೆಯಲ್ಲಿ ಎರಡು ಒಲೆ ಹತ್ತಿತು ಎಂದರೆ ಮನೆ ಒಡೆಯಿತು ಎಂದೇ. ಆಮೇಲೆ ಹೊಲ, ದನ, ತೆಂಗಿನ ಮರ ಎಲ್ಲ ಪಾಲಾಗುತ್ತವೆ. ಹಾಲಪ್ಪನವರಿಗೆ ಇಬ್ಬರು ಗಂಡುಮಕ್ಕಳು, ಬಸಪ್ಪ ಮತ್ತು ರುದ್ರಪ್ಪ. ಅಣ್ಣತಮ್ಮಂದಿರು ಅನ್ಯೋನ್ಯವಾಗಿಯೇ ಇದ್ದರು. ಆದರೆ ದೊಡ್ಡ ಸೊಸೆ ಗಂಗಮ್ಮನಿಗೂ ಚಿಕ್ಕ ಸೊಸೆ ಹೊನ್ನಮ್ಮನಿಗೂ ಅಡಿಗೆಮನೆಯಲ್ಲಿ ಬೆಳಗಾದರೆ ಜಗಳ. ಕೇಳಿ ಕೇಳಿ ಬೇಸತ್ತ ರುದ್ರಪ್ಪ ಹಿತ್ತಲಲ್ಲಿ ಮೂರು ಕಲ್ಲು ತಂದಿಟ್ಟಿದ್ದ. ಇನ್ನು ಬೆಂಕಿ ಹಾಕುವುದೊಂದೇ ಬಾಕಿ.

"ಒಂದು ಮಡಕೆ ಇಡೋಕೆ ಕಿತ್ತಾಡ್ತಾರೆ ಕಣಪ್ಪಾ. ಇಕ್ಕಟ್ಟು. ಅಗಲ ಮಾಡಿಬಿಟ್ರೆ ಸರಿಹೋಯ್ತದೆ" ಎಂದರು ಹಾಲಪ್ಪನವರು.

ಹೋಗಿ ನೋಡಿದೆ. ನಿಜವಾಗಿಯೂ ಇಕ್ಕಟ್ಟು. ಒಲೆ, ಪಕ್ಕದಲ್ಲಿ ಉಪ್ಪಿನ ಗೂಡು, ಗೋಡೆಯುದ್ದಕ್ಕೂ ಮಡಕೆಯ ಸಾಲು. ಗಂಡಸರ ಊಟ ನಡುಮನೆಯಲ್ಲಿ, ಕೊಟ್ಟಿಗೆಯ ಎತ್ತುಗಳ ಮುಖ ನೋಡಿಕೊಂಡು. ಹೆಂಗಸರ ಊಟ ಎಲ್ಲರದೂ ಆದ ಮೇಲೆ ಅಡಿಗೆಮನೆಯಲ್ಲೇ ಒಬ್ಬರ ಮೊಣಕಾಲಿಗೆ ಒಬ್ಬರು ತಾಗಿಕೊಂಡು. ಎತ್ತ ಹಿಗ್ಗಿಸುವುದೆಂದು ಮಾತಾಡಲು ಎಲ್ಲರೂ ಜಗಲಿಯಲ್ಲಿ ಸೇರಿದರು. ಒಂದು ಕಡೆ ದೇವರ ಕೋಣೆ, ಅದನ್ನು ಮುಟ್ಟುವಂತಿಲ್ಲ. ಹಿತ್ತಲ ಕಡೆಗೆ ಎಂದರೆ ಬಚ್ಚಲು ಅಡ್ಡ. ಕೊಟ್ಟಿಗೆಯ ಕಡೆಗೆ ಎಂದರೆ, ಎತ್ತುಗಳು ಎಲ್ಲಿಗೆ ಹೋಗಬೇಕು ಎಂದು ಬಸಪ್ಪ ಕೇಳಿದ. ಮನೆಯ ಹೆಂಗಸರೆಲ್ಲರ ಕಷ್ಟವೂ ಸಹಿಸುವ ಅವನಿಗೆ ಎತ್ತಿನ ಕಷ್ಟ ಮಾತ್ರ ತಡೆಯುತ್ತಿರಲಿಲ್ಲ. ಕೊನೆಗೆ ಕೊಟ್ಟಿಗೆಯನ್ನೇ ಆಚೆಗೆ ಸರಿಸಿ, ಅಡಿಗೆಮನೆಗೆ ಸೇರಿದಂತೆ ಒಂದು ಊಟದ ಮನೆಯೂ ಬರುವಂತೆ ಹೊಸ ಮಾಡು ಇಳಿಸುವುದು ಎಂದಾಯಿತು. ಎತ್ತುಗಳಿಗೆ ಗಾಳಿ ಚೆನ್ನಾಗಿ ಬರುತ್ತದೆ ಎಂದು ನಾನು ಹೇಳಿದ ಮೇಲೆ ಬಸಪ್ಪ ಒಪ್ಪಿದ.

ಒಪ್ಪದವರು ಒಬ್ಬರೇ, ಹಾಲಪ್ಪನವರ ಹೆಂಡತಿ ಸಿದ್ದಮ್ಮ. ಮನೆಯ ಸೌಟು ಅವರ ಕೈಯಲ್ಲಿತ್ತು. ಮುದ್ದೆ ಕಟ್ಟುವವರೂ ಬಡಿಸುವವರೂ ಅವರೇ. ಮೊದಲ ದಿನ ಕೇಳಿದಾಗ ತಿಂಗಳು ಚೆನ್ನಾಗಿಲ್ಲ ಎಂದರು. ಮರುದಿನ, ಗೋಡೆಯ ಮೇಲೆ ಹಲ್ಲಿ ನುಡಿಯಿತು ಎಂದರು. ಅದರ ಮರುದಿನ, ಅಗಲದ ಅಡಿಗೆಮನೆಯಲ್ಲಿ ಮುದ್ದೆ ಬೇಗ ಆರುತ್ತದೆ ಎಂದರು. ನಾನು ಅಳತೆಗೆ ನೆಟ್ಟ ಗೂಟಗಳು ಬೆಳಗಾಗುವುದರೊಳಗೆ ಮಾಯ.

"ಅವ್ವಾ, ಗೂಟ ಎಲ್ಲಿ?" ಎಂದೆ.

"ಒಣಗಿದ್ವು ಕಣಪ್ಪಾ, ಚೆನ್ನಾಗಿ ಉರಿದ್ವು. ಇನ್ನೊಂದಷ್ಟು ಇದ್ರೆ ನೆಟ್ಟೋಗು" ಎಂದರು.

ಅಲ್ಲಿದ್ದ ದಿನಗಳಲ್ಲಿ ಸೊಸೆಯರ ಜಗಳವೂ ಕಿವಿಗೆ ಬಿತ್ತು. ಗಂಗಮ್ಮ ಹೊನ್ನಮ್ಮನಿಗೆ, "ಉಪ್ಪಿನ್ ಮಡಕೆ ಯಾಕೇ ಈಚೆಗ್ ಸರ್ಸಿದೆ? ಇದ್ದಲ್ಲಿ ಇಡೋಕ್ ಬರಾಕಿಲ್ವಾ?" ಎಂದು ರೇಗುವಳು. ಹೊನ್ನಮ್ಮ, "ಸರ್ಸಿದ್ದು ನೀನೇ ಕಣಕ್ಕಾ. ಬಿಸಿ ಚರಿಗೇನ ದಾರೀಲಿ ಇಟ್ಟೋಳೂ ನೀನೇ" ಎನ್ನುವಳು. ಒಂದು ಮಡಕೆ ಗೇಣು ಆಚೀಚೆ ಆದದ್ದಕ್ಕೆ ಇಷ್ಟು ರಂಪವೇ ಎಂದು ನನಗೆ ನಗು ಬರುತ್ತಿತ್ತು. ಇಕ್ಕಟ್ಟಿನಲ್ಲಿ ಬದುಕಿದವರ ಬುದ್ಧಿಯೂ ಇಕ್ಕಟ್ಟಾಗುತ್ತದೆ ಎಂದುಕೊಂಡೆ. ನಾನಾಗ ಬಹಳ ತಿಳಿದವನಂತೆ ಯೋಚಿಸುತ್ತಿದ್ದೆ.

ಕೊನೆಗೆ ಹಾಲಪ್ಪನವರು, ಆ ಬೂದಿ ಹಾಕುವ ಪದ್ಧತಿ ಮಾಡಿಬಿಡು, ಸಿದ್ದಮ್ಮನೂ ಕಣ್ಣಾರೆ ನೋಡಲಿ ಎಂದರು. ಕೊಯ್ಲು ಮುಗಿದು ಕಣ ಖಾಲಿಯಿತ್ತು. ಬೆಳಿಗ್ಗೆ ಎದ್ದು ದಾರ ಹಿಡಿದು ಬೂದಿ ಹಾಕಿದೆ. ಇದು ಅಡಿಗೆಮನೆ, ಇದು ಊಟದ ಮನೆ, ನಡುವೆ ಗೋಡೆ, ಇಲ್ಲಿ ಬಾಗಿಲು. ಬೇರೆ ಮೂರು ಕಲ್ಲಿಟ್ಟು ಒಲೆಯೂ ಆಯಿತು. ಗೆರೆ ದಾಟಬಾರದು, ಬಾಗಿಲಿಂದಲೇ ಓಡಾಡಬೇಕು ಎಂದು ಎಲ್ಲರಿಗೂ ಹೇಳಿದೆ.

ಮಕ್ಕಳಿಗೆ ಹಬ್ಬವೋ ಹಬ್ಬ. ದೊಡ್ಡವರಿಗೂ ಕಡಮೆಯಿಲ್ಲ. ರುದ್ರಪ್ಪ ಬರುವಾಗ ಇಲ್ಲದ ಬಾಗಿಲಿಗೆ ತಲೆ ಬಗ್ಗಿಸಿ ಒಳಗೆ ಬಂದ. ಬಸಪ್ಪ ನೀರು ಕುಡಿಯಲು ಗೆರೆ ದಾಟಿದ್ದಕ್ಕೆ ಹಾಲಪ್ಪನವರು, "ಲೇ, ಗೋಡೆ ತೂರ್ಕೊಂಡ್ ಹೋಯ್ತೀಯಲ್ಲೋ, ದೆವ್ವ ಏನೋ ನೀನು?" ಎಂದು ಗದರಿದರು. ಅವನು ಹಿಂದಕ್ಕೆ ಬಂದು, ಸುತ್ತು ಹಾಕಿ, ಬಾಗಿಲಿಂದ ಹೋದ. ಎಮ್ಮೆಯೊಂದು ಬಂದು ಊಟದ ಮನೆಯ ಗೋಡೆ ಕೆಡವಿ ಹೋಯಿತು. ನಾನು ಬೂದಿ ಹಾಕಿ ರಿಪೇರಿ ಮಾಡಿದೆ.

ಸಿದ್ದಮ್ಮ ಸೊಸೆಯರ ನಡುವೆ ನಡೆದುಕೊಂಡು ಬಂದರು. ಒಬ್ಬಳು ಈ ಕಡೆ, ಒಬ್ಬಳು ಆ ಕಡೆ. ಜಗಳಗಂಟಿಯರು ಅತ್ತೆಯ ಮುಂದೆ ಎಷ್ಟು ಭಯಭಕ್ತಿ ತೋರಿಸುತ್ತಾರೆ ಎಂದುಕೊಂಡೆ. ಒಲೆಯ ಮುಂದೆ ಕೂತು ಮುದ್ದೆ ತಿರುವಿದರು. ಗಂಡಸರು ಊಟದ ಗಂಗಳ ಮುಂದಿಟ್ಟುಕೊಂಡು ಸಾಲಾಗಿ ಕೂತರು. ಮುದ್ದೆ ತುಂಬಿದ ಮರದ ಮರಿಗೆ ಹಿಡಿದು ಸಿದ್ದಮ್ಮ ಎದ್ದರು, ಎದ್ದವರೇ ನೆಟ್ಟಗೆ ಅಡಿಗೆಮನೆಯ ಗೋಡೆಯೊಳಗಿಂದ ಹಾದು ಊಟದ ಮನೆಗೆ ಬಂದುಬಿಟ್ಟರು.

"ಲೇ ಸಿದ್ದಿ, ಗೋಡೆ ಕಣೇ!" ಎಂದು ಹಾಲಪ್ಪನವರು ಕೂಗಿದರು.

ಎಲ್ಲರೂ ಬಿದ್ದು ಬಿದ್ದು ನಕ್ಕರು. ಸಿದ್ದಮ್ಮ ಒಂದು ಕ್ಷಣ ನಿಂತರು. ಆಮೇಲೆ ಕತ್ತೆತ್ತಿ, "ನಾನು ಒಪ್ದೆ ಇರೋ ಗೋಡೆ ನಂಗೆ ಗೋಡೇನೇ ಅಲ್ಲ" ಎಂದರು. ನಗು ಇನ್ನೂ ಜೋರಾಯಿತು.

ನಾನೂ ನಗುತ್ತಲೇ ಇದ್ದೆ. ಆದರೆ ಮೇಸ್ತ್ರಿಯ ಕಣ್ಣು ಗೋಡೆಯ ಮೇಲೇ ಇರುತ್ತದೆ. ಸಿದ್ದಮ್ಮನ ಪಾದ ಬೂದಿಯ ಮೇಲೆಯೇ ಇತ್ತು. ಬೇಕೆಂದೇ ದಾಟುವವರು ಗೆರೆ ನೋಡಿ ಕಾಲು ಎತ್ತಿಡುತ್ತಾರೆ, ಇಲ್ಲವೇ ಸಿಟ್ಟಿನಿಂದ ಒರಸುತ್ತಾರೆ. ಇವರು ಎರಡೂ ಮಾಡಲಿಲ್ಲ. ಮುದ್ದೆಯನ್ನು ಕೈಯಲ್ಲಿ ಎತ್ತಿ ಮುಂದೆ ಚಾಚಿದರು. ಅಲ್ಲಿ ಗಂಗಳವೂ ಇರಲಿಲ್ಲ, ಮನುಷ್ಯರೂ ಇರಲಿಲ್ಲ. ಆಗ ಹಾಲಪ್ಪನವರು ಹಸಿದವರಂತೆ ಬೆರಳಿನಿಂದ ಗಂಗಳದ ಅಂಚು ಟಣ್ ಎನ್ನಿಸಿದರು. ಸಿದ್ದಮ್ಮ ಆ ಕಡೆ ತಿರುಗಿ ಮುದ್ದೆ ಇಟ್ಟರು. ಒಂದು ಚೂರೂ ಆಚೀಚೆ ಬೀಳಲಿಲ್ಲ.

ನನ್ನ ನಗು ಅಲ್ಲಿಗೇ ನಿಂತಿತು. ಸಿದ್ದಮ್ಮನಿಗೆ ಕಣ್ಣು ಕಾಣುತ್ತಿರಲಿಲ್ಲ.

ಆ ಮಧ್ಯಾಹ್ನ ಬಾವಿಯ ಹತ್ತಿರ ಕೈ ತೊಳೆಯುತ್ತಿದ್ದೆ. ದೊಡ್ಡ ಸೊಸೆ ಗಂಗಮ್ಮ ಕೊಡ ಹಿಡಿದು ಬಂದು, ಸುತ್ತ ನೋಡಿ, "ಮೇಸ್ತ್ರಣ್ಣಾ, ನೀವು ನೋಡ್ತಾ ಇದ್ದಿದ್ದು ನಾನು ನೋಡ್ದೆ. ಯಾರ್ಗೂ ಅನ್ಬೇಡಿ. ಅತ್ತೆಗೆ ಕಣ್ಣಿಗೆ ಪೊರೆ ಬಂದದೆ. ನಂಗೊಬ್ಳಿಗೇ ಗೊತ್ತು. ಹೊನ್ನಿಗಂತೂ ತಿಳೀಲೇಬಾರ್ದು, ಅವ್ಳ ಬಾಯಲ್ಲಿ ಮಾತ್ ನಿಲ್ಲಾಕಿಲ್ಲ" ಎಂದಳು. ಮಡಕೆ ಅದದರ ಕಡೆ ಇರದಿದ್ದರೆ ಅತ್ತೆಯ ಕೈಗೆ ಸಿಗುವುದಿಲ್ಲ, ಅದಕ್ಕೇ ತಾನು ರೇಗುವುದು ಎಂದೂ ಹೇಳಿದಳು.

ಆಗಲಮ್ಮ ಎಂದು ಈಚೆಗೆ ಬಂದೆ. ಹುಲ್ಲಿನ ಬಣವೆಯ ಪಕ್ಕದಲ್ಲಿ ಹೊನ್ನಮ್ಮ ಕಾದಿದ್ದಳು. ಸೆರಗು ಬಾಯಿಗೆ ಇಟ್ಟುಕೊಂಡು, "ಅಣ್ಣಾ, ನಿಮ್ ಕಾಲಿಗ್ ಬೀಳ್ತೀನಿ. ಅತ್ತೆ ಕಣ್ಣಿನ್ ವಿಷ್ಯ ಅಕ್ಕಂಗೆ ಗೊತ್ತಾಗ್ಬಾರ್ದು. ಗೊತ್ತಾದ್ರೆ ಸೌಟು ಕಿತ್ಕೊತಾಳೆ. ನಾನೇ ಹೆಂಗೋ ಮಡಕೆ ಸರಿಯಾಗಿ ಇಟ್ಕೊಂಡು ಮರೆಸ್ತಾ ಇದ್ದೀನಿ" ಎಂದಳು.

ಬೆಳಗಿನಿಂದ ಸಂಜೆಯವರೆಗೆ ಆ ಇಬ್ಬರು ಕಿತ್ತಾಡುತ್ತಿದ್ದುದು ಒಂದೇ ಕೆಲಸಕ್ಕೆ. ನಾನು ಗೋಡೆ ಅಗಲಿಸಿದರೆ ಜಗಳ ನಿಲ್ಲುತ್ತದೆ ಎಂದುಕೊಂಡಿದ್ದೆ. ನಗಬೇಕೋ ಅಳಬೇಕೋ ತಿಳಿಯದೆ ಸಿದ್ದಮ್ಮನನ್ನು ನೋಡಲು ಹೋದೆ. ಅವರು ಒಲೆಯ ಮುಂದೆ ಕೆಂಡಕ್ಕೆ ಬೂದಿ ಮುಚ್ಚುತ್ತಿದ್ದರು. ನಾನು ಹೊಸ್ತಿಲಲ್ಲಿ ನಿಂತೆ.

"ಬಾ ಮೇಸ್ತ್ರಿ. ದಿನಾ ದಡದಡ ಒಳಗ್ ಬರೋನು ಇವತ್ತು ಬಾಗ್ಲಲ್ಲೇ ನಿಂತೆ. ಗೊತ್ತಾಯ್ತು ಅನ್ನು."

"ಹೂಂ ಅವ್ವಾ."

"ಬೆಳಕು ಕಾಣ್ತದೆ. ಮನುಷ್ರು ಬಂದ್ರೆ ನೆರಳು ಬಂದಂಗ್ ಆಯ್ತದೆ. ನಿನ್ ಬೂದಿ ಕಾಣ್ಲಿಲ್ಲ. ಸೊಸೇರ್ಗೆ ಇನ್ನೂ ಗೊತ್ತಿಲ್ಲ, ಅಷ್ಟು ನಾಜೂಕಾಗಿ ನಡೆಸ್ಕೊಂಡ್ ಬಂದಿದೀನಿ" ಎಂದರು. ಧ್ವನಿಯಲ್ಲಿ ಸ್ವಲ್ಪ ಹೆಮ್ಮೆಯೇ ಇತ್ತು.

ಇದ್ದದ್ದನ್ನು ಹೇಳಿಬಿಡಬಾರದೇ, ಮಕ್ಕಳು ನೋಡಿಕೊಳ್ಳುವುದಿಲ್ಲವೇ ಎಂದೆ.

"ನೋಡ್ಕೊಂತಾರೆ. ಮೂಲೇಲಿ ಕೂರ್ಸಿ ಅನ್ನ ಹಾಕ್ತಾರೆ. ಆಮೇಲೆ? ಸೌಟು ನನ್ ಕೈಲಿ ಇರೋ ಗಂಟ ಇಬ್ರೂ ನನ್ ಸೊಸೇರು. ಗಂಗಿ ಕೈಗೆ ಹೋದ್ರೆ ಹೊನ್ನಿ ಅವ್ಳ ಕೈ ಕೆಳಗೆ ಇರ್ತಾಳಾ? ಹಿತ್ಲಲ್ಲಿ ಮೂರ್ ಕಲ್ಲು ಕಾಯ್ಕೊಂಡ್ ಕೂತವೆ ಕಣಪ್ಪಾ. ಈ ಗುಬ್ಬಚ್ಚಿ ಗೂಡಲ್ಲಿ ಕೈ ಚಾಚಿದ್ರೆ ಗೋಡೆ ಸಿಗ್ತದೆ, ಕೈಗೆಲ್ಲಾ ಗೊತ್ತು. ನೀನು ಅಗಲ ಮಾಡ್ದೆ ಅಂದ್ರೆ ನಾನು ನಡು ನೀರಲ್ಲಿ ನಿಂತಂಗೆ."

ಇಷ್ಟು ಕಾಲ ಎಷ್ಟೋ ಅಡಿಗೆಮನೆ ಅಳೆದಿದ್ದೆ, ಹೀಗೆ ಕೈಯಿಂದ ಅಳೆದವರನ್ನು ಕಂಡಿರಲಿಲ್ಲ. ಅಡಿಗೆಮನೆ ಹಿಗ್ಗಿಸದಿದ್ದರೆ ಇಕ್ಕಟ್ಟಿನ ನೆಪದಲ್ಲಿ ಮನೆ ಒಡೆಯುತ್ತದೆ, ಹಿಗ್ಗಿಸಿದರೆ ಈಕೆಯ ಗುಟ್ಟು ಬಯಲಾಗಿ ಒಡೆಯುತ್ತದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಮಾಡಿದ್ದು ಇಷ್ಟು. ಒಲೆಯ ಮೂಲೆಗೆ ಕೈಯೇ ಹಾಕಲಿಲ್ಲ. ಒಲೆ, ಉಪ್ಪಿನ ಗೂಡು, ಮಡಕೆಯ ಸಾಲು, ಇದ್ದುವು ಇದ್ದಂತೆ. ಎದುರಿನ ಗೋಡೆ ತೆಗೆದು ಕೊಟ್ಟಿಗೆಯ ಕಡೆಗೆ ಹಿಗ್ಗಿಸಿ, ಸೊಸೆಯರಿಗೆ ಹೆಚ್ಚಲು ರುಬ್ಬಲು ಅಲ್ಲಿ ವಿಶಾಲ ಮಾಡಿಕೊಟ್ಟೆ. ಸಿದ್ದಮ್ಮ ಕೂರುವ ಕಡೆಯಿಂದ ಗೋಡೆಗುಂಟ ಸೊಂಟದೆತ್ತರಕ್ಕೆ ಒಂದು ಸಣ್ಣ ಕಟ್ಟೆ ಎಳೆದು, ಬಾಗಿಲ ಹತ್ತಿರ ಬಿಟ್ಟು, ಊಟದ ಮನೆಯ ಕೊನೆಯವರೆಗೂ ಮುಂದುವರಿಸಿದೆ. ಅಂಚನ್ನು ಕೈಗೆ ಹಿತವಾಗುವಂತೆ ದುಂಡಗೆ ಗಾರೆ ಮಾಡಿದೆ. ಊಟದ ಮನೆಯಲ್ಲಿ ಜನ ಕೂರುವ ಕಡೆ ನುಣುಪು ನೆಲ, ಬಡಿಸುವವರು ನಡೆಯುವ ದಾರಿಗೆ ಮಾತ್ರ ಒರಟು ಚಪ್ಪಡಿ. ಕಾಲಿಗೆ ಒರಟು ಸಿಕ್ಕುತ್ತಿರುವ ತನಕ ದಾರಿ ತಪ್ಪುವಂತಿಲ್ಲ. ಬಡಿಸುವ ದಾರಿಯನ್ನು ತರೀಕೆರೆಯಂತಲ್ಲದೆ ಧಾರಾಳವಾಗಿ ಬಿಟ್ಟಿದ್ದೆ.

ಕಟ್ಟೆ ಏಳುವಾಗ ಬಸಪ್ಪ, "ಇದ್ಯಾತಕ್ ಮೇಸ್ತ್ರಿ, ಯಾರ್ ಕೂತ್ಕೊಳೋಕೆ?" ಎಂದು ಕೇಳಿದ.

"ಆಯ" ಎಂದೆ. "ಕಟ್ಟೆ ಇಲ್ದಿದ್ರೆ ಶುಭದ ಗಜಾಯ ಬರಲ್ಲ."

ಹಾಲಪ್ಪನವರು ಮೀಸೆ ಸವರಿಕೊಂಡು ಕಟ್ಟೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. "ಆಯ ಅಂದ್ಮೇಲೆ ಮುಗೀತು. ಮಾಡು" ಎಂದರು.

ನನಗೆ ಹೆದರಿಕೆಯಾದದ್ದು ವೀರಾಚಾರ್ರು ಕೆಲಸ ನೋಡಲು ಬಂದ ದಿನ. ಆಯಕ್ಕೂ ಕಟ್ಟೆಗೂ ಏನೂ ಸಂಬಂಧವಿಲ್ಲ ಎಂಬುದು ಮೂರು ತಾಲ್ಲೂಕಿನಲ್ಲಿ ಯಾರಿಗೆ ಗೊತ್ತಿಲ್ಲದಿದ್ದರೂ ಅವರಿಗೆ ಗೊತ್ತು. ಮನೆಯವರೆಲ್ಲ ಸುತ್ತ ನಿಂತಿದ್ದರು. ಗುರುಗಳು ಅಡಿಕೋಲು ಇಟ್ಟು ಅಳೆದರು, ಕಟ್ಟೆಯ ಅಂಚು ಸವರಿದರು, ಒರಟು ಚಪ್ಪಡಿಯ ಮೇಲೆ ಬರಿಗಾಲಿನಲ್ಲಿ ನಡೆದರು, ಒಲೆಯ ಮುಂದೆ ಕೂತಿದ್ದ ಸಿದ್ದಮ್ಮನನ್ನು ಒಂದು ಸಲ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಎಲ್ಲರಿಗೂ ಕೇಳುವಂತೆ, "ಸರಿಯಾಗಿದೆ ಕಣೋ. ನಮ್ ತಾತ ಹೀಗೇ ಮಾಡ್ತಿದ್ರು" ಎಂದರು. ಅವರ ಅಷ್ಟೂ ಸುಳ್ಳುಗಳಲ್ಲಿ ಅದರಷ್ಟು ಚೆಂದದ್ದು ನಾನು ಇನ್ನೊಂದು ಕೇಳಿಲ್ಲ.

ಹಿತ್ತಲಲ್ಲಿದ್ದ ಮೂರು ಕಲ್ಲನ್ನು ಕಟ್ಟೆ ಏಳುವಾಗಲೇ ಹೊನ್ನಮ್ಮ ತಾನೇ ಎತ್ತಿ ತಂದು ಅದರ ತಳಕ್ಕೆ ಹಾಕಿದ್ದಳು. ರುದ್ರಪ್ಪ ಏನೋ ಹೇಳಲು ಹೋಗಿ ಅವಳ ಮುಖ ನೋಡಿ ಗಾರೆಯ ಬುಟ್ಟಿ ಎತ್ತಿಕೊಂಡಿದ್ದ. ಸೊಸೆಯರ ಜಗಳ ನಿಂತಿತೇ ಎಂದು ಕೇಳಬೇಡಿ. ಹೆಚ್ಚು ಜಾಗ ಸಿಕ್ಕಿದ್ದರಿಂದ ಇನ್ನೂ ಗಟ್ಟಿಯಾಗಿ ಕೂಗಾಡುತ್ತಿದ್ದರು.

ಮನೆಯೊಕ್ಕಲಿನ ದಿನ ಊರ ನೆಂಟರೆಲ್ಲ ಬಂದಿದ್ದರು. ಸಿದ್ದಮ್ಮ ಎಡಗೈಯನ್ನು ಕಟ್ಟೆಯ ಮೇಲೆ ಆಡಿಸುತ್ತಾ, ಬಲಗೈಯಲ್ಲಿ ಮರಿಗೆ ಹಿಡಿದು, ಹೊಸ ಊಟದ ಮನೆಯುದ್ದಕ್ಕೂ ಮದುಮಗಳಂತೆ ಸಲೀಸಾಗಿ ನಡೆದು ಬಡಿಸಿದರು. ನೆಂಟರೊಬ್ಬರು, ಈ ವಯಸ್ಸಲ್ಲೂ ಸಿದ್ದಮ್ಮನ ಕಣ್ಣು ಎಷ್ಟು ಚುರುಕು ಎಂದರು. ಆಕಡೆ ಗಂಗಮ್ಮ, ಈಕಡೆ ಹೊನ್ನಮ್ಮ ಇಬ್ಬರೂ ಒಟ್ಟಿಗೆ ಕೆಮ್ಮಿದರು.

ಊಟವಾದ ಮೇಲೆ ಸಾಮಾನು ಗಾಡಿಗೆ ಹೇರಿದೆ. ಹಾಲಪ್ಪನವರು ಎಲೆಅಡಿಕೆ ಕೊಡುತ್ತಾ ಗಾಡಿಯ ಮುಂದಕ್ಕೆ, ಎತ್ತಿನ ಹತ್ತಿರ ಕರೆದೊಯ್ದರು. ಸ್ವಲ್ಪ ಹೊತ್ತು ಎತ್ತಿನ ಬೆನ್ನು ಸವರಿದರು.

"ಮೇಸ್ತ್ರಿ, ಆ ಕಟ್ಟೆ ಅಡಿಗೆಮನೆಯಿಂದ ಊಟದ ಮನೆಗಂಟ ಹಾಕಿದೀಯಲ್ಲ, ಗಜಾಯ ಅಂತ."

"ಹೌದು ಯಜಮಾನ್ರೇ."

"ಹಿತ್ಲ ಬಾಗ್ಲಿಂದ ಬಚ್ಚಲಗಂಟ ಹಾಕೋದಕ್ಕೂ ಯಾವ್ದಾದ್ರೂ ಆಯ ಐತಾ ನೋಡು. ಬೆಳಗ್ಗೆ ಮುಖ ತೊಳ್ಯೋಕ್ ಹೋಗುವಾಗ ಅಲ್ಲಿ ಒಳ್ಳು ಕಲ್ಲು ಕಾಲಿಗೆ ಬಡೀತದೆ ಅವ್ಳಿಗೆ."

ನಾನು ಅವರ ಮುಖ ನೋಡಿದೆ. ಅವರು ಎತ್ತಿನ ಕಡೆಗೇ ನೋಡುತ್ತಿದ್ದರು.

"ಆಯ ಇಲ್ದಿದ್ರೂ ಐತೆ ಅನ್ನು" ಎಂದರು. "ಯಾರ್ಗೂ ಹೇಳ್ಬೇಡ ಕಣಪ್ಪಾ, ಮನೇಲಿ ಇನ್ನೂ ಯಾರ್ಗೂ ಗೊತ್ತಿಲ್ಲ."